ನೀಲಿ ದೀಪಕ್ಕೆ ಎತ್ತಿದ ಆರತಿ

ನನ್ನದು ಸಂಶಯದ ಜಾತಕ. ಹೆಂಡತಿ ಇದನ್ನು ಬೈಗುಳವಾಗಿ ಹೇಳುತ್ತಾಳೆ. ಇಷ್ಟು ವರ್ಷ ನನಗೆ ಅನ್ನ ಹಾಕಿದ ಗುಣ ಎಂದು ನಾನು ಹೇಳಿಕೊಳ್ಳುತ್ತೇನೆ. ತುರ್ಭೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನ್ನ ತಲೆ ನರೆತಿದೆ. ಗೇಟಿಗೆ ಬಂದ ಮಾಲನ್ನು ಪೆಟ್ಟಿಗೆ ಒಡೆದು, ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡದೆ ನಾನು ಸಹಿ ಹಾಕಿದವನಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಅಪ್ಪ ಡೊಂಬಿವಲಿಯ ತನ್ನ ಸಣ್ಣ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಪ್ರಮಾಣಿಸಿ ನೋಡಿಯೂ ಕೆಡಬಹುದು ಎಂದು ಅವನು ಹೇಳಿಕೊಡಲಿಲ್ಲ. ಅದನ್ನು ನಾನೇ ಕಲಿತೆ, ಅಮ್ಮನ ಕಣ್ಣಿನ ಮೇಲೆ.

ಅಮ್ಮನಿಗೆ ಇರುವುದು ಒಂದೇ ಕಣ್ಣು. ನೋಡಿದರೆ ಎರಡೂ ಇವೆ, ಆದರೆ ಎಡಗಣ್ಣಿನಲ್ಲಿ ದೃಷ್ಟಿಯಿಲ್ಲ. ಕಣ್ಣಿನ ಒಳಗಿನ ಒತ್ತಡ ಏರಿ ಏರಿ, ನೋವೂ ಕೊಡದೆ, ನಾವು ಡಾಕ್ಟರ ಬಳಿ ಹೋಗುವಷ್ಟರಲ್ಲಿ ಅದು ಮುಗಿದಿತ್ತು. ಬಲಗಣ್ಣಿನಲ್ಲೂ ಅದೇ ಕಾಯಿಲೆ ಇದೆ; ದಿನಕ್ಕೆ ಎರಡು ಸಲ ಹನಿ ಹಾಕಿ ಅದನ್ನು ಹಿಡಿದಿಟ್ಟಿದ್ದೇವೆ. ಆ ಒಂದು ಕಣ್ಣಿನಲ್ಲೇ ಅಮ್ಮ ಠಾಣೆಯ ನೌಪಾಡಾದ ನಮ್ಮ ಬಿಲ್ಡಿಂಗಿನ ಕೆಳಗಿನ ಬೆಂಚಿನಲ್ಲಿ ಕುಳಿತು, ಊರ ಕಡೆಯ ನಾಲ್ಕು ಮುದುಕಿಯರಿಗೆ ಕನ್ನಡ ಪೇಪರು ಓದಿ ಹೇಳುತ್ತಾಳೆ. ಮರಣ ವಾರ್ತೆಯಿಂದ ಶುರು ಮಾಡಿ ಅಡುಗೆ ಪುಟದವರೆಗೆ. ಅವರಲ್ಲಿ ಮೂವರಿಗೆ ಅಕ್ಷರ ಕಾಣುವುದಿಲ್ಲ, ನಾಲ್ಕನೆಯವರಿಗೆ ಓದಲು ಬಾರದು. ಅಮ್ಮನಿಗೆ ಜ್ವರ ಬಂದರೆ ಆ ಬೆಂಚಿಗೆ ಜಗತ್ತಿನ ಸುದ್ದಿಯೇ ಇಲ್ಲ.

ಅಪ್ಪ ಹೋದ ಮೇಲೆ ಡೊಂಬಿವಲಿಯ ಮನೆ ಬಿಟ್ಟು ನೌಪಾಡಾದ ಈ ಫ್ಲ್ಯಾಟಿಗೆ ಬಂದೆವು. ಇದು ಇನ್ನೊಬ್ಬರು ವಾಸ ಮಾಡಿ ಮಾರಿದ ಮನೆ. ಅವರು ಶೋಕಿಯವರು. ಎಲ್ಲರಂತೆ ಗೋಡೆಗೆ ಎಸಿ ತೂಗುಹಾಕದೆ, ಓಣಿಯಂತಿರುವ ಪ್ಯಾಸೇಜಿನ ಸೀಲಿಂಗಿನ ಒಳಗೆ ದೊಡ್ಡ ಯಂತ್ರವೊಂದನ್ನು ಅಡಗಿಸಿ, ಅಲ್ಲಿಂದ ಕೊಳವೆಗಳ ಮೂಲಕ ಎಲ್ಲ ಕೋಣೆಗೂ ತಂಪು ಹರಿಸಿದ್ದರು. ಯಂತ್ರದ ಕೆಳಗೆ ಬಾಗಿಲಿನಂತೆ ಕೆಳಕ್ಕೆ ತೆರೆಯುವ ಒಂದು ಮುಚ್ಚಳ. ನೋಡಲು ಚೆಂದ. ಆದರೆ ಎರಡನೆಯ ಮಳೆಗಾಲಕ್ಕೆ ಅದರಿಂದ ಒದ್ದೆ ಗೋಣಿಯ ವಾಸನೆ ಬರತೊಡಗಿತು, ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮಿ ಕೆಮ್ಮಿ ಅವಳ ಮುಖ ಕೆಂಪಾಗುವಾಗ ನನಗೆ ಆ ಕಣ್ಣಿನದೇ ಭಯ.

ಕಲ್ಯಾಣದಿಂದ ಬರುವ ಒಬ್ಬ ಮರಾಠಿ ಮೆಕ್ಯಾನಿಕ್ ನಮ್ಮ ಎಸಿ ನೋಡಿಕೊಳ್ಳುತ್ತಿದ್ದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮುಚ್ಚಳ ತೆರೆದು ಟಾರ್ಚ್ ಹಾಕಿ ನನ್ನನ್ನು ಸ್ಟೂಲ್ ಹತ್ತಿಸಿ ತೋರಿಸಿದ. ನೀರು ಜಿನುಗುವ ಕಾಯಿಲ್ ಎಂಬ ಕೊಳವೆ ಸುರುಳಿಯ ಮೇಲೆ ಕಪ್ಪು ಬೂಷ್ಟು, ಹಳೆಯ ಉಪ್ಪಿನಕಾಯಿ ಭರಣಿಯ ಬಾಯಿಗೆ ಹಿಡಿದ ಹಾಗೆ. ಅವನು ಅದನ್ನು ತೊಳೆದ. ತೊಳೆದರೂ ಮುಂದಿನ ಮಳೆಗೆ ಮತ್ತೆ ಬರುತ್ತದೆ, ಒಳಗೊಂದು ಯುವಿ ಲೈಟು ಹಾಕಿಸಿದರೆ ಆ ಬೆಳಕಿಗೆ ಬೂಷ್ಟು ಬೆಳೆಯುವುದಿಲ್ಲ, ಈಗ ತುಂಬ ಮನೆಗಳಲ್ಲಿ ಹಾಕಿಸುತ್ತಿದ್ದಾರೆ ಎಂದ. ಅಮ್ಮನ ಎದೆಗೆ ಒಳ್ಳೆಯದಾಗುವುದಾದರೆ ಹಾಕು ಎಂದೆ.

ಹಾಕಿದ. ಬೆರಳು ಗಾತ್ರದ ಉದ್ದ ಟ್ಯೂಬು. ಜೊತೆಗೆ ಮುಚ್ಚಳದ ಅಂಚಿಗೆ ಒಂದು ಪುಟ್ಟ ಸ್ವಿಚ್ಚು: ಮುಚ್ಚಳ ತೆರೆದ ಕೂಡಲೇ ದೀಪ ತಾನಾಗಿ ಆರಬೇಕು. ಕಣ್ಣಿನ ಚಿತ್ರಕ್ಕೆ ಗೀಟು ಹಾಕಿದ ಒಂದು ಹಳದಿ ಸ್ಟಿಕ್ಕರನ್ನೂ ಅಂಟಿಸಿದ. ಯಂತ್ರ ಓಡಿತು, ವಾಸನೆ ಹೋಯಿತು, ವಾರದೊಳಗೆ ಅಮ್ಮನ ಕೆಮ್ಮು ಅರ್ಧಕ್ಕೆ ಇಳಿಯಿತು.

ಇಷ್ಟಕ್ಕೆ ಸುಮ್ಮನಿರಬೇಕಿತ್ತು. ನನಗೆ ಸಂಶಯ ಹುಟ್ಟಿತು. ಕೆಮ್ಮು ಇಳಿದದ್ದು ದೀಪದಿಂದಲೋ, ತೊಳೆದದ್ದರಿಂದಲೋ? ದೀಪ ನಿಜವಾಗಿ ಉರಿಯುತ್ತಿದೆಯೋ ಇಲ್ಲವೋ? ನೋಡೋಣ ಎಂದು ಮುಚ್ಚಳ ತೆರೆದರೆ ಅದು ಆರುತ್ತದೆ. ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಆರುತ್ತದೋ ಇಲ್ಲವೋ ಎಂದು ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರಲ್ಲ, ನನ್ನ ಕಷ್ಟ ಅದರ ತಿರುಗುಮುರುಗು. ಮೂರು ಸಲ ಸ್ಟೂಲ್ ಹತ್ತಿ ಇಳಿದೆ. ಹೆಂಡತಿ ಕೆಳಗಿನಿಂದ ನೋಡಿ, "ದೇವಸ್ಥಾನಕ್ಕೆ ಹೋದ್ರೆ ದೇವರು ಒಳಗೆ ಇದ್ದಾನಾ ಅಂತ ಮೂರ್ತಿಯನ್ನು ಅಲುಗಾಡಿಸಿ ನೋಡ್ತೀರಾ?" ಎಂದು ಕೇಳಿದಳು.

ಸೆಪ್ಟೆಂಬರಿನಲ್ಲಿ ಮೆಕ್ಯಾನಿಕ್ ಬಂದಾಗ, ಆ ಸ್ವಿಚ್ಚನ್ನು ತಪ್ಪಿಸಿ ಒಮ್ಮೆ ನನಗೆ ದೀಪ ತೋರಿಸು ಎಂದು ಹಟ ಹಿಡಿದೆ. ಅವನು ಒಪ್ಪಲಿಲ್ಲ.

"ಸಾಹೇಬ್, ಯೇ ದೇಖ್‌ನೇ ಕಾ ಚೀಜ್ ನಹೀಂ ಹೈ. ವೆಲ್ಡಿಂಗ್ ಜೈಸಾ ಹೈ, ಆಂಖ್ ಖರಾಬ್ ಕರ್‌ತಾ ಹೈ" ಎಂದ.

ನೋಡುವ ವಸ್ತುವಲ್ಲ, ವೆಲ್ಡಿಂಗಿನಂತೆ ಕಣ್ಣು ಕೆಡಿಸುತ್ತದೆ ಎಂದು ಅವನು ಹೇಳಿದರೂ, ಕಾಣದ ಮಾಲಿಗೆ ನಾನು ಸಹಿ ಹಾಕುವವನಲ್ಲ ಎಂದೆ. ಕೊನೆಗೆ ಅವನು ಬೇಸತ್ತು ಸ್ವಿಚ್ಚಿನ ಎರಡು ವಯರುಗಳನ್ನು ಸೇರಿಸಿ ಟೇಪು ಸುತ್ತಿದ. ಪ್ಯಾಸೇಜಿನ ಆ ತುದಿಯಲ್ಲಿ ನನ್ನನ್ನು ನಿಲ್ಲಿಸಿ, ಒಂದು ಕ್ಷಣ ಮುಚ್ಚಳ ತೆರೆದು ಮುಚ್ಚಿದ. ನೀಲಿ ಬೆಳಕು. ನನಗೆ ತೃಪ್ತಿಯಾಯಿತು. ವಯರು ಬಿಚ್ಚಿಡುತ್ತೇನೆ ಎಂದು ಅವನು ಸ್ಟೂಲಿನ ಕಡೆ ಬಂದರೆ ತಡೆದವನು ನಾನೇ. "ರಹನೇ ದೋ, ಮುಂದಿನ ಸಲ ತೆಗಿ" ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದೆ. ಯಾವಾಗ ಬೇಕಾದರೂ ನೋಡಬಹುದು ಎಂಬ ಆಸೆ. "ತೋ ಖೋಲನಾ ಮತ್" ಎಂದು, ತೆರೆಯಲೇಬಾರದೆಂದು, ಎರಡು ಸಲ ಹೇಳಿ ಅವನು ಹೋದ. ವಿನಾಶಕಾಲೇ ವಿಪರೀತ ಬುದ್ಧಿ ಎಂದು ಇನ್ನೊಬ್ಬರಿಗೆ ಹೇಳುವಾಗ ಎಷ್ಟು ಸುಲಭ.

ನವಮಿ ಬಂತು, ಆಯುಧ ಪೂಜೆ. ಹೋಟೆಲ್ ಮುಚ್ಚಿ ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲಿ ಆ ಪೂಜೆ ಮಾತ್ರ ನಿಂತಿಲ್ಲ. ಮಿಕ್ಸಿ, ಹೊಲಿಗೆ ಮೆಷಿನು, ನನ್ನ ಸ್ಕೂಟರು, ಮಗಳ ಲ್ಯಾಪ್‌ಟಾಪು, ಎಲ್ಲಕ್ಕೂ ಅಮ್ಮ ಗಂಧ ಹಚ್ಚಿ ಹೂವಿಟ್ಟಳು. ಕೊನೆಗೆ ಪ್ಯಾಸೇಜಿಗೆ ಬಂದು ತಲೆಯೆತ್ತಿ ನಿಂತಳು.

"ನನ್ನ ಕೆಮ್ಮು ತೆಗೆದ ಪುಣ್ಯಾತ್ಮ ಇವ. ಇವನಿಗೆ ಇಲ್ವಾ ಪೂಜೆ?" ಎಂದಳು.

ನಾನು ಎಸಿ ಬಂದ್ ಮಾಡಿ ಮುಚ್ಚಳ ಇಳಿಸಿ ಒಳಗಿನ ಕಬ್ಬಿಣಕ್ಕೆ ಕುಂಕುಮ ಇಟ್ಟೆ. ಅಷ್ಟರಲ್ಲಿ ಅವಳು ಆರತಿ ತಟ್ಟೆ ಹಿಡಿದು ಬಂದಳು.

"ನಿಂತ ಮೆಷಿನಿಗೆ ಎಂತ ಪೂಜೆ ಮಾರಾಯ? ನಿನ್ನ ಅಪ್ಪ ಗ್ರೈಂಡರಿಗೆ ಕುಂಕುಮ ಹಚ್ಚಿ, ಒಂದು ಸುತ್ತು ತಿರುಗಿಸದೆ ಆರತಿ ಎತ್ತಿದ್ದುಂಟಾ?"

ಅದು ನಿಜ. ಅಪ್ಪನ ಹೋಟೆಲಿನಲ್ಲಿ ಗ್ರೈಂಡರು ಗರಗರ ತಿರುಗುತ್ತಿದ್ದಂತೆಯೇ ಆರತಿ. ನಮ್ಮ ಕಾರ್ಖಾನೆಯಲ್ಲೂ ಹಾಗೆಯೇ: ಹಾರ ಹಾಕಿದ ಯಂತ್ರದ ಗುಂಡಿ ಒತ್ತಿ, ಅದು ಉಸಿರಾಡಿದ ಮೇಲೆ ತೆಂಗಿನಕಾಯಿ. ಎಲ್ಲರಿಗೂ ಇವತ್ತು ದೀಪ ತೋರಿಸಿಯೇ ಬಿಡುತ್ತೇನೆ ಎನ್ನಿಸಿತು. ವೆಲ್ಡಿಂಗ್ ಮಾತು ನೆನಪಾಗಲಿಲ್ಲವೇ ಎಂದರೆ, ಆಯಿತು. ಎರಡು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡೆ. ಹಳದಿ ಸ್ಟಿಕ್ಕರಿನ ಮೇಲೆ ಅಮ್ಮ ಹೇಳಿದಂತೆ ಗಂಧದಲ್ಲಿ ‘ಶ್ರೀ’ ಬರೆದವನೂ ನಾನೇ.

ಎಸಿ ಹಾಕಿದೆ. ಪ್ಯಾಸೇಜೆಲ್ಲ ನೀಲಿಯಾಯಿತು. ಕನ್ನಡಕ ಹಾಕಿದ ಮಗಳು ಫೋನಿನಲ್ಲಿ ವೀಡಿಯೋ ತೆಗೆಯುತ್ತ, "ಪಪ್ಪಾ, ಕ್ಯಾ ಮಸ್ತ್ ಕಲರ್ ಹೈ!" ಎಂದಳು. ಹೆಂಡತಿ ಗಂಟೆ ಬಾರಿಸಿದಳು, ಅವಳಿಗೂ ಕನ್ನಡಕವಿದೆ; ಮನೆಯಲ್ಲಿ ಇಲ್ಲದವನು ನಾನೊಬ್ಬ. ಅಮ್ಮನಿಗೂ ಇದೆ, ಆದರೆ ಆರತಿಯ ಹೊತ್ತಿಗೆ ಅಮ್ಮ ಯಾವಾಗಲೂ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸುತ್ತಾಳೆ. ದೀಪದ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವಾಗ ನಡುವೆ ಗಾಜು ಇರಬಾರದು ಎಂಬುದು ಅವಳ ನಿಯಮ. ಅವತ್ತೂ ತೆಗೆದಳು. ಆರತಿ ಹಾಡಿನ ಒಂದು ನುಡಿಯನ್ನೂ ಬಿಡದೆ ಹಾಡಿದಳು. ನಡುವೆ ಎರಡು ಸಲ ತಲೆ ತಗ್ಗಿಸಿದಳು. ಎರಡು ಸಲವೂ ನಾನು ಸ್ಟೂಲಿನ ಮೇಲಿನಿಂದ, "ನೋಡಮ್ಮ, ಸರಿಯಾಗಿ ನೋಡು, ಈ ದೀಪವೇ ನಿನ್ನ ಕೆಮ್ಮು ತೆಗೆದದ್ದು" ಎಂದೆ. ಅವಳು ಮತ್ತೆ ತಲೆಯೆತ್ತಿ ನೋಡಿದಳು. ಎರಡು ನಿಮಿಷ ಎಂದುಕೊಂಡದ್ದು ಕಾಲು ಗಂಟೆ ಆಗಿರಬೇಕು.

ಊಟವಾಯಿತು, ನಿದ್ದೆಯಾಯಿತು. ಐದು ಗಂಟೆಗೆ ಎದ್ದರೆ ನನ್ನ ಕಣ್ಣಿನಲ್ಲಿ ಮರಳು ಬಿದ್ದ ಹಾಗೆ. ಸೀಲಿಂಗಿನ ಧೂಳು ಎಂದುಕೊಂಡು ತೊಳೆದೆ. ತೊಳೆದಷ್ಟೂ ಹೆಚ್ಚಾಯಿತು. ಕಿಟಕಿಯ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಅಮ್ಮನ ಕೋಣೆಗೆ ಹೋದೆ. ಪರದೆ ಎಳೆದುಕೊಂಡು, ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದಳು.

"ಎಂತ ಅಮ್ಮ?"

"ಎಂತ ಇಲ್ಲ. ಕರ್ಪೂರದ ಹೊಗೆ ಹೋಗಿದೆ ಕಾಣ್ತದೆ."

"ಯಾವಾಗಿಂದ?"

"ಆಗಿಂದ. ಹಬ್ಬದ ದಿನ ಕಣ್ಣೀರು ಹಾಕಬಾರದು ಅಂತ ಸುಮ್ಮನಿದ್ದೆ."

ಸೆರಗು ತೆಗೆಸಿದೆ. ಬಲಗಣ್ಣು ಕೆಂಡದಂತಿತ್ತು, ರೆಪ್ಪೆ ಊದಿ ಮುಚ್ಚಿಕೊಂಡಿತ್ತು, ನೀರು ಧಾರೆಯಾಗಿ ಇಳಿಯುತ್ತಿತ್ತು. ಬಾಲ್ಕನಿಗೆ ಹೋಗಿ, ಕಣ್ಣು ಕಿರಿದು ಮಾಡಿ ನಂಬರು ಹುಡುಕಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅತ್ತ ಕಡೆ ಢೋಲಿನ ಸದ್ದು. ಹೇಳಿದೆ.

"ಕಿತನಾ ಟೈಮ್ ದೇಖಾ, ಸಾಹೇಬ್?"

"ಪಂದ್ರಾ ಮಿನಿಟ್."

ಢೋಲಿನ ಸದ್ದು ದೂರವಾಯಿತು, ಅವನು ಆಚೆ ಸರಿದಿರಬೇಕು. ಆಮೇಲೆ ಅವನು, "ಮಾವ್ಶಿ ನೇ ಭೀ?" ಎಂದ. ಮಾವ್ಶಿ ಎಂದರೆ ಅವನ ಬಾಯಲ್ಲಿ ಅಮ್ಮ. ಅವಳೂ ನೋಡಿದ್ದಾಳಾ ಎಂಬ ಪ್ರಶ್ನೆಗೆ ಹೌದು ಎಂದೆ. ಡಾಕ್ಟರ ಹತ್ತಿರ ಈಗಲೇ ಹೋಗಿ ಎಂದ.

ಒಳಗೆ ಬಂದಾಗ ಹೆಂಡತಿ ಕೇಳಿದಳು, "ಏನಾಗಿದೆ ಇಬ್ಬರಿಗೂ?" ನಾನು ಧೂಳು ಎಂದೆ. ಯಾಕೆ ಹಾಗೆ ಹೇಳಿದೆನೋ, ಈಗಲೂ ನಾಚಿಕೆಯಾಗುತ್ತದೆ. ಸ್ಟೂಲಿನ ಮೇಲೆ ನಿಂತು ‘ನೋಡು, ನೋಡು’ ಎಂದವನು ನಾನೆಂದು ಅವಳ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಅಮ್ಮನ ಕಣ್ಣಿನ ಡಾಕ್ಟರು ಡೊಂಬಿವಲಿಯವರು. ಹುಬ್ಬಳ್ಳಿ ಕಡೆಯ ಹೆಂಗಸು, ನಾವು ಅಲ್ಲಿದ್ದ ಕಾಲದಿಂದ ಆ ಕಣ್ಣನ್ನು ಕಾಯುತ್ತ ಬಂದವರು. ಫೋನ್ ಮಾಡಿದರೆ, "ಏಳರ ಒಳಗ ಬರ್ರಿ. ಎಂಟಕ್ಕ ನಂದು ಹುಬ್ಬಳ್ಳಿ ಬಸ್ಸು, ಮೂರು ದಿನ ಇರಂಗಿಲ್ಲ" ಎಂದರು. ಗಂಟೆ ಐದೂವರೆ. ನಾನು ಗಾಡಿ ಓಡಿಸುವ ಹಾಗಿರಲಿಲ್ಲ. ಹಬ್ಬದ ಮೆರವಣಿಗೆಗಳಿಂದ ರಸ್ತೆ ಜಾಮು. ಫೋನಿನಲ್ಲಿ ಕರೆದ ಟ್ಯಾಕ್ಸಿ ಬರುತ್ತೇನೆ ಬರುತ್ತೇನೆ ಎಂದು ಕೈ ಕೊಟ್ಟಿತು. ಲೋಕಲ್ ಟ್ರೇನಿನಲ್ಲೇ ಹೋಗುವುದೆಂದಾಯಿತು.

ಠಾಣೆ ಸ್ಟೇಷನ್ನಿನ ಮೆಟ್ಟಿಲನ್ನು ಅಮ್ಮ ಕಣ್ಣು ಮುಚ್ಚಿಯೇ ಹತ್ತಿದಳು. ಅವಳ ಒಂದು ಕೈ ನನ್ನ ಕೈಯಲ್ಲಿ, ನನ್ನ ಇನ್ನೊಂದು ಕೈ ಹೆಂಡತಿಯ ಭುಜದ ಮೇಲೆ. ಕುರುಡ ಕುರುಡನಿಗೆ ದಾರಿ ತೋರಿಸಿದ ಕತೆ. ಡಬ್ಬಿಯಲ್ಲಿ ಒಬ್ಬ ಅಜ್ಜ ಎದ್ದು ಅಮ್ಮನಿಗೆ ಸೀಟು ಕೊಟ್ಟ. ನೀರಿಳಿಯುವ ನಮ್ಮಿಬ್ಬರ ಮುಖವನ್ನೂ ನೋಡಿ, ತಗ್ಗಿದ ಸ್ವರದಲ್ಲಿ, "ಕೋಣ್ ಗೇಲಂ?" ಎಂದು ಕೇಳಿದ. ಯಾರು ಹೋದರು ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ, ಅವನು ನಂಬಲಿಲ್ಲ. ಮುಂಬ್ರಾ ದಾಟುವವರೆಗೂ ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದ.

ದಿವಾದ ಹೊರಗೆ ಗಾಡಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಎಲ್ಲೋ ಸಿಗ್ನಲ್ ಕೆಟ್ಟಿದೆ ಎಂದು ಯಾರೋ ಹೇಳಿದರು. ಹೆಂಡತಿ ಗಳಿಗೆಗೊಮ್ಮೆ ಗಂಟೆ ಹೇಳುತ್ತಿದ್ದಳು. ಹೇಳಬೇಡ ಎಂದು ಗದರಿದೆ. ಹೇಳದಿದ್ದಾಗ ಎಷ್ಟಾಯಿತು ಎಂದು ನಾನೇ ಕೇಳಿದೆ. ಅಮ್ಮನ ಬೆರಳು ನನ್ನ ಕೈಯನ್ನು ಒಮ್ಮೊಮ್ಮೆ ಬಿಗಿಯಾಗಿ ಹಿಡಿಯುತ್ತಿತ್ತು, ನೋವು ಬಂದಾಗ ಇರಬೇಕು. ಆ ಒಂದು ಕಣ್ಣು ಹೋದರೆ ಬೆಂಚಿಲ್ಲ, ಪೇಪರಿಲ್ಲ, ಮೊಮ್ಮಗಳ ಮುಖವಿಲ್ಲ. ಎಲ್ಲ ಹೋಗುವುದು ಒಬ್ಬ ಮಗನಿಗೆ ದೀಪ ನೋಡುವ ಚಪಲವಿತ್ತು ಎಂಬ ಕಾರಣಕ್ಕೆ.

ಕ್ಲಿನಿಕ್ ಮುಟ್ಟಿದಾಗ ಏಳಕ್ಕೆ ಐದು ನಿಮಿಷ. ಡಾಕ್ಟರಮ್ಮನ ಸೂಟ್‌ಕೇಸು ಬಾಗಿಲಲ್ಲೇ ಇತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ರೆಪ್ಪೆ ಎತ್ತಿ ನೋಡಿದವರೇ ಮುಖ ಗಂಭೀರ ಮಾಡಿದರು.

"ಯಾವಾಗಿಂದ ನೋವು? ಹನಿ ತಪ್ಪಿಸೀರೇನು?"

"ಇಲ್ಲ ಡಾಕ್ಟ್ರೇ, ಎರಡೂ ಹೊತ್ತು ಹಾಕಿದ್ದಾನೆ" ಎಂದಳು ಅಮ್ಮ.

"ಒತ್ತಡ ಒಮ್ಮೆಲೆ ಏರಿದ್ರ ಹಿಂಗ ಆಗ್ತದ. ಹಂಗ ಇದ್ರ ನನ್ನ ಕೈಯಾಗಿಲ್ಲ, ಈಗಿಂದೀಗ ದೊಡ್ಡ ದವಾಖಾನಿಗೆ ಒಯ್ಯಬೇಕು. ಇರ್ರಿ, ನೋಡೋಣು." ನನ್ನ ಕಡೆ ತಿರುಗಿ, "ನಿಮ್ಮ ಕಣ್ಣೂ ಕೆಂಪ ಅದಾವಲ್ಲ?" ಎಂದರು.

"ಧೂಳು" ಎಂದೆ. ಎರಡನೆಯ ಸಲ.

ನೋವು ಮರಗಟ್ಟುವ ಹನಿ ಹಾಕಿದರು, ಅದರ ಮೇಲೆ ಹಳದಿ ಬಣ್ಣದ ಇನ್ನೊಂದು ಹನಿ. ಅಮ್ಮನ ಗದ್ದವನ್ನು ಯಂತ್ರದ ಮೇಲೆ ಇರಿಸಿ ಕೋಣೆಯ ದೀಪ ಆರಿಸಿದರು. ಆಮೇಲೆ ಯಂತ್ರದಿಂದ ನೀಲಿ ಬೆಳಕು ಬಂತು.

ಅಮ್ಮ ಚೀರಿ ಹಿಂದಕ್ಕೆ ಸರಿದಳು. "ಅಯ್ಯೋ, ಪುನಃ ಅದು ಬೇಡ!"

"ಪುನಃ ಅಂದ್ರ?" ಡಾಕ್ಟರಮ್ಮ ಕೈ ನಿಲ್ಲಿಸಿದರು. "ಇದು ಬ್ಯಾರೆ ಬೆಳಕು, ಏನೂ ಮಾಡಂಗಿಲ್ಲ. ಮೊದಲ ಎಲ್ಲಿ ನೋಡೀರಿ ಅಮ್ಮಾರ, ನೀಲಿ ದೀಪ?"

ಅಮ್ಮ ತಡವರಿಸಿದಳು. ಆಮೇಲೆ ಸಣ್ಣ ಸ್ವರದಲ್ಲಿ ಹೇಳಿದಳು: "ಎಂತ ಇಲ್ಲ ಡಾಕ್ಟ್ರೇ. ನಮ್ಮ ಬಿಲ್ಡಿಂಗಿನವರು ಹಬ್ಬಕ್ಕೆ ಅಂತ ನೀಲಿ ಸರ ಹಾಕಿದ್ದಾರೆ, ಅದು ಕಣ್ಣಿಗೆ ಹೊಡೀತದೆ."

ಬಿಲ್ಡಿಂಗಿನಲ್ಲಿ ನೀಲಿ ಸರವೂ ಇರಲಿಲ್ಲ, ಹಳದಿ ಸರವೂ ಇರಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಾಗಿತ್ತು. ಯಾವಾಗ ಗೊತ್ತಾಯಿತೋ, ಸೆರಗು ಒತ್ತಿಕೊಂಡು ಕುಳಿತಾಗಲೋ, ಟ್ರೇನಿನಲ್ಲೋ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಇರುವ ಒಂದೇ ಕಣ್ಣನ್ನು ಪಣಕ್ಕಿಟ್ಟು, ಡಾಕ್ಟರ ಎದುರು ನನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಳು. ನನಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

"ಸುಳ್ಳು, ಡಾಕ್ಟ್ರೇ" ಎಂದೆ. "ನಾನು ತೋರಿಸಿದೆ. ಎಸಿಯ ಒಳಗಿನ ಯುವಿ ಲೈಟು. ಮುಚ್ಚಳ ತೆಗೆದು, ಉರಿಸಿ, ಕಾಲು ಗಂಟೆ ಅದರ ಅಡಿಯಲ್ಲಿ ನಿಲ್ಲಿಸಿ ಆರತಿ ಮಾಡಿಸಿದೆ. ಬೇಡ ಅಂತ ಹೇಳಿದ್ದರು. ಆದರೂ ಮಾಡಿದೆ."

ಹಿಂದೆ ಹೆಂಡತಿ ಉಸಿರೆಳೆದುಕೊಂಡದ್ದು ಕೇಳಿಸಿತು.

"ಚಷ್ಮಾ ಹಾಕಿದ್ದಿಲ್ಲೇನು ಅಮ್ಮಾರು?"

"ಆರತಿಗೆ ತೆಗೆದೆ" ಎಂದಳು ಅಮ್ಮ, ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ.

ಡಾಕ್ಟರಮ್ಮ ನನ್ನ ಹೆಂಡತಿಯನ್ನು ಕರೆದು ಅವಳ ಮುಖ ನೋಡಿದರು. ಕೆನ್ನೆ ಬಿಸಿಲಿಗೆ ಸುಟ್ಟಂತೆ ಕೆಂಪಗಿತ್ತು, ಕನ್ನಡಕದ ಹಿಂದಿನ ಕಣ್ಣು ಸರಿಯಾಗಿತ್ತು. ಆ ಗಾಜು ಇದ್ದವರು ಉಳಿದರು ಎಂದರು. ಅಮ್ಮನನ್ನು ಸಮಾಧಾನ ಮಾಡಿ ಮತ್ತೆ ಯಂತ್ರದ ಮುಂದೆ ಕೂರಿಸಿದರು. ಬಹಳ ಹೊತ್ತು ನೋಡಿದರು. ಒತ್ತಡ ಏರಿರಲಿಲ್ಲ. ಆದರೆ ಕಣ್ಣಿನ ಮುಂಭಾಗದ ಪದರದ ತುಂಬ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಹುಣ್ಣು.

ಆಮೇಲೆ ನನಗೆ ಮಂಗಳಾರತಿಯಾಯಿತು. "ನೀವು ಓದಿದವರು ಹೌದಲ್ರೀ? ವೆಲ್ಡಿಂಗ್ ಮಾಡೋ ಹುಡುಗರಿಗೆ ಇರೋ ಬುದ್ಧಿ ನಿಮಗ ಬ್ಯಾಡೇನು? ನೀವು ಬಾಯಿ ಬಿಡದ ಇದ್ದಿದ್ರ ನಾ ಬ್ಯಾರೆ ದಾರಿ ಹಿಡಿದು ಹೋಗತಿದ್ದೆ" ಎಂದರು. ನಾನು ನಿಂತು ಕೇಳಿದೆ. ಅಷ್ಟು ಬೈಸಿಕೊಂಡು ಹಗುರವಾದದ್ದು ನನಗೆ ಅದೇ ಮೊದಲು.

"ವಾಸಿಯಾಗ್ತದಾ?" ಎಂದು ಕೇಳಿದ್ದು ಹೆಂಡತಿ.

"ನಿಮ್ಮ ಯಜಮಾನರದು ನಾಳೆ ಸಂಜಿಗೆ ಕಡಿಮಿ ಆಗ್ತದ. ಅಮ್ಮಾರದು ಹೇಳಲಿಕ್ಕೆ ಬರಂಗಿಲ್ಲ. ಇಷ್ಟು ವರ್ಷ ಹನಿ ಹಾಕಿ ಹಾಕಿ ಆ ಪದರ ಮೊದಲ ಸೊರಗೇದ. ಎರಡು ದಿನದಾಗ ಮ್ಯಾಲಿನ ಚರ್ಮ ಬೆಳದು ಕೂಡಿದ್ರ ಉಳೀತು. ಕೀವು ಗೀವು ಆತಂದ್ರ ಕಷ್ಟ." ಮುಲಾಮು ಹಾಕಿ ಆ ಕಣ್ಣಿಗೆ ಪಟ್ಟಿ ಕಟ್ಟಿದರು. ಹನಿ ಹಾಕುವಾಗ ಮಾತ್ರ ಪಟ್ಟಿ ಸರಿಸಿ, ಮೂರನೆಯ ಬೆಳಿಗ್ಗೆ ಪೂರ್ತಿ ಬಿಚ್ಚಿ ಏನು ಕಾಣುತ್ತದೆಂದು ಫೋನ್ ಮಾಡಬೇಕು. ಅಷ್ಟರೊಳಗೆ ಹಳದಿ ಕೀವು ಕಂಡರೆ ನೇರ ದೊಡ್ಡ ಆಸ್ಪತ್ರೆಗೆ. ಅದರ ಹೆಸರನ್ನೂ ಬರೆದುಕೊಟ್ಟು ಸೂಟ್‌ಕೇಸು ಎತ್ತಿಕೊಂಡು ಓಡಿದರು.

ಆ ಎರಡು ದಿನ ಅಮ್ಮನಿಗೆ ಪೂರ್ತಿ ಕತ್ತಲೆ. ಎರಡು ಗಂಟೆಗೊಮ್ಮೆ ಹನಿ ಹಾಕುವಾಗ ನಾನು ಉಸಿರು ಬಿಗಿಹಿಡಿದು ರೆಪ್ಪೆಯ ಅಂಚು ನೋಡುತ್ತಿದ್ದೆ, ಹಳದಿ ಇದೆಯೋ, ಬೆಳ್ಳಗಿದೆಯೋ. ನನ್ನ ಕಣ್ಣಿಗೇ ಮಂಜು ಕವಿದಿತ್ತು; ಮಗಳನ್ನು ಕರೆದು, ನೋಡು ಎನ್ನುತ್ತಿದ್ದೆ. ಅವಳು ಅಜ್ಜಿಯ ಗದ್ದ ಹಿಡಿದು ನೋಡಿ, "ಸಾಫ್ ಹೈ, ಪಪ್ಪಾ" ಎನ್ನುತ್ತಿದ್ದಳು. ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಅಡುಗೆ ಮನೆಯ ಪಾತ್ರೆಗಳು ಅವಳ ಪರವಾಗಿ ಮಾತಾಡುತ್ತಿದ್ದವು. ಯಂತ್ರದ ಮೇಲಿನ ಸಿಟ್ಟಿಗೆ ನಾನು ಎಸಿಯ ಮೇನ್ ಸ್ವಿಚ್ಚನ್ನೇ ಬಂದ್ ಮಾಡಿದ್ದೆ. ಅಕ್ಟೋಬರಿನ ಸೆಕೆಗೆ ಮನೆ ಕುದಿಯುತ್ತಿತ್ತು.

"ಅದನ್ನು ಯಾಕೆ ನಿಲ್ಲಿಸಿದ್ದಿ? ಅದರದ್ದೆಂತ ತಪ್ಪು?" ಎಂದು ಅಮ್ಮ ಕೇಳಿದಳು. ಯಾರದು ತಪ್ಪು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಸರೆಯ ಮಧ್ಯಾಹ್ನ ಕಲ್ಯಾಣದಿಂದ ಮೆಕ್ಯಾನಿಕ್ ಕರೆಯದೆ ಬಂದ. ಹೊಸ ಅಂಗಿ ಹಾಕಿದ್ದ, ಟೂಲ್ ಬ್ಯಾಗು ಹೆಗಲಲ್ಲಿತ್ತು. ಮೊದಲು ಸ್ಟೂಲ್ ಹತ್ತಿ, ಮೇನ್ ಬಂದ್ ಇರುವುದನ್ನು ಎರಡು ಸಲ ನೋಡಿ, ಸೇರಿಸಿದ್ದ ವಯರು ಬಿಚ್ಚಿ ಸ್ವಿಚ್ಚನ್ನು ಮೊದಲಿನಂತೆ ಮಾಡಿದ. ಸ್ಟಿಕ್ಕರಿನ ಮೇಲಿನ ಗಂಧವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ಅಮ್ಮನ ಕಾಲು ಮುಟ್ಟಿ, ಇಲ್ಲಿಯವರು ದಸರೆಗೆ ಬಂಗಾರವೆಂದು ಹಂಚುವ ಆಪಟೆ ಎಲೆಯನ್ನು ಅವಳ ಅಂಗೈಯಲ್ಲಿಟ್ಟ. ಅಮ್ಮ ಎಲೆಯ ಅಂಚನ್ನು ಬೆರಳಿನಿಂದ ತಡವಿ, ಎರಡು ಎಸಳು ಕೂಡಿದ ಜಾಗದಲ್ಲಿ ಒತ್ತಿ ನೋಡಿ, "ಸೋನಾ?" ಎಂದಳು.

"ಹೋ ಮಾವ್ಶಿ, ಸೋನಾ. ಗಲ್ತೀ ಮೇರೀ ಥೀ."

ನನಗೆ ಒಪ್ಪಿಕೊಳ್ಳಲು ಎಷ್ಟು ಸುಲಭವಿತ್ತು. ತಪ್ಪನ್ನು ತಾನಾಗಿ ಹೊರಲು ಒಬ್ಬ ಬಾಗಿಲಿಗೆ ಬಂದಿದ್ದ. "ನಹೀಂ," ಎಂದೆ, "ತೂನೇ ಮನಾ ಕಿಯಾ ಥಾ." ಬೇಡ ಎಂದಿದ್ದವನು ಅವನೇ. ಹೆಂಡತಿ ಅಡುಗೆ ಮನೆಯಿಂದ ಇಣುಕಿದಳು. ಅವನಿಗೆ ಕಾಫಿ ತಂದಳು, ನನಗೂ ಒಂದು ಲೋಟ ಇಟ್ಟಳು. ಹಿಂದಿನ ಸಂಜೆಯಿಂದ ಅದು ಅವಳ ಮೊದಲ ಮಾತು.

ಮೂರನೆಯ ಬೆಳಿಗ್ಗೆ ಕೈ ತೊಳೆದುಕೊಂಡು ಅಮ್ಮನ ಮಂಚದ ಎದುರು ಕುರ್ಚಿ ಹಾಕಿ ಕುಳಿತೆ. ಪಟ್ಟಿ ಬಿಚ್ಚಿ, ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಮುಲಾಮು ಒರೆಸಿದೆ. ಹೆಂಡತಿ, ಮಗಳು ಬಾಗಿಲಲ್ಲಿ ನಿಂತಿದ್ದರು. ಪರದೆಯನ್ನು ನಾಲ್ಕು ಬೆರಳಿನಷ್ಟು ಸರಿಸಿದೆವು.

"ಕಣ್ಣು ಬಿಡು ಅಮ್ಮ."

ಬಿಟ್ಟಳು. ಮುಚ್ಚಿದಳು. ಮತ್ತೆ ಬಿಟ್ಟಳು. ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ, ಕೆಳಗೆ ಎಲ್ಲಿಗೋ ಜಾರಿತು.

"ಕಾಣ್ತದಾ?"

ಅವಳು ಹುಬ್ಬು ಗಂಟಿಕ್ಕಿ ನನ್ನ ಎದೆಯ ಕಡೆಗೇ ನೋಡುತ್ತಿದ್ದಳು.

"ಅಮ್ಮ, ಕಾಣ್ತದಾ?"

"ಎಂತ ಅವತಾರ ಇದು? ಅಂಗಿ ಗುಂಡಿ ಒಂದು ಬಿಟ್ಟು ಒಂದು ಹಾಕಿದ್ದಿಯಲ್ಲ."

ಬಾಗಿಲಲ್ಲಿ ಮಗಳು ನಕ್ಕಳು, ಹೆಂಡತಿ ಅತ್ತಳು. ನಾನು ಏನು ಮಾಡಿದೆನೋ ನೆನಪಿಲ್ಲ. ಕಿಟಕಿಯ ಸರಳು ಎಣಿಸಲು ಹೇಳಿದೆ, ಎಣಿಸಿದಳು. ಕ್ಯಾಲೆಂಡರಿನ ಸಣ್ಣ ಅಕ್ಷರ ಓದಲು ಹೇಳಿದೆ. "ಅದು ಮೊದಲೂ ಕಾಣ್ತಿರಲಿಲ್ಲ, ಸುಮ್ಮನಿರು" ಎಂದಳು. ಡಾಕ್ಟರಮ್ಮನಿಗೆ ಫೋನ್ ಮಾಡಿ ಬಂದು ಮತ್ತೆ ಅವಳ ಎದುರು ಕುಳಿತೆ. ಮೂರು ದಿನದಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆಯಿತ್ತು.

"ಅವತ್ತು ಕಣ್ಣಿಗೆ ಕಷ್ಟ ಆಗ್ಲಿಲ್ವಾ ನಿನಗೆ? ಎರಡು ಸಲ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೇನೆ. ಮತ್ತೆ ಯಾಕೆ ನೋಡಿದೆ?"

ಅಮ್ಮ ಸೊಂಟದಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

"ಸಣ್ಣವ ಇರುವಾಗ ಶಾಲೆಯಿಂದ ಓಡಿ ಬರ್ತಿದ್ದೆ ನೀನು. ಒಂದು ಕಲ್ಲು ಸಿಕ್ಕಿದ್ರೂ, ಅಮ್ಮ ನೋಡು, ಅಮ್ಮ ನೋಡು. ನನಗೆ ಆಗ ಪುರುಸೊತ್ತು ಇರ್ಲಿಲ್ಲ, ಹೋಟ್ಲಿನ ಹಿಟ್ಟು, ಚಟ್ನಿ. ಆಮೇಲೆ ನೀನು ದೊಡ್ಡವನಾದೆ. ನೋಡು ಅಂತ ಏನನ್ನೂ ತೋರಿಸಿದ್ದೇ ಇಲ್ಲ. ಮೊನ್ನೆ ಸ್ಟೂಲಿನ ಮೇಲೆ ನಿಂತು, ನೋಡಮ್ಮ ಅಂದೆ. ಹೇಗೆ ನೋಡದೆ ಇರ್ಲಿ?"

ನಾನು ತಲೆ ತಗ್ಗಿಸಿ ಅಂಗಿಯ ಗುಂಡಿ ಬಿಚ್ಚಲು ಹೋದೆ. "ಬಾ ಇಲ್ಲಿ" ಎಂದು ಅಮ್ಮ ಮುಂದಕ್ಕೆ ಬಗ್ಗಿದಳು. ತಡವಲಿಲ್ಲ, ಹುಡುಕಲಿಲ್ಲ. ನೋಡಿ ನೋಡಿ, ಮೇಲಿನಿಂದ ಕೆಳಗಿನವರೆಗೆ, ಅಷ್ಟೂ ಗುಂಡಿಗಳನ್ನು ಸರಿಯಾದ ತೂತಿಗೆ ಹಾಕಿದಳು.